ಹಾಲಿನ ದುಡ್ಡು, ಹೊರದೇಶದ ಕಾಲೇಜು

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮಗೆ ಭಾಷಣದ ಅಭ್ಯಾಸವಿಲ್ಲ. ನಾವು ಓದಿರುವುದು ಎಸ್‌ಎಸ್‌ಎಲ್‌ಸಿ. 'ಜಾಗತೀಕರಣ ಮತ್ತು ಉನ್ನತ ಶಿಕ್ಷಣ' ಎಂಬ ವಿಷಯದ ಮೇಲೆ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಚೀಟಿ ಕೊಟ್ಟಾಗ, ಇದನ್ನು ಯಾರಾದರೂ ಕಾಲೇಜು ಮೇಷ್ಟ್ರಿಗೆ ಕೊಡ್ರಪ್ಪಾ ಅಂದೆವು. ಅದಕ್ಕವರು, "ಆವತ್ತು ಸರ್ಟಿಫಿಕೇಟಿಗೆ ಸಹಿ ಹಾಕಿದವರು ನೀವಲ್ಲವಾ, ನೀವೇ ಮಾತಾಡಿ" ಎಂದರು. ಆ ಮಾತಿಗೆ ನಮ್ಮ ಹತ್ತಿರ ಉತ್ತರವಿರಲಿಲ್ಲ.

ಜಾಗತೀಕರಣ ಎಂದರೆ ಏನೆಂದು ಹಾಲು ಹಾಕುವ ನಮಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 2019ರಲ್ಲಿ ಆರ್‌ಸಿಇಪಿ ಒಪ್ಪಂದದ ಮಾತು ನಡೆದಾಗ, ನ್ಯೂಜಿಲೆಂಡಿನ ಹಾಲಿನ ಪುಡಿ ಸುಂಕವಿಲ್ಲದೆ ಬಂದರೆ ನಮ್ಮ ಕ್ಯಾನುಗಳನ್ನು ತೊಳೆದು ಕವುಚಿ ಹಾಕಬೇಕಾಗುತ್ತದೆ ಎಂದು ಹಾಲು ಉತ್ಪಾದಕರು ಬೀದಿಗಿಳಿದರು. ಆ ವರ್ಷ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ತಾನು ಸೇರುವುದಿಲ್ಲ ಎಂದು ಹೇಳಿತು. ಅದಕ್ಕೂ ಹಿಂದೆ, ಡಂಕೆಲ್ ಪ್ರಸ್ತಾವದ ಕಾಲದಲ್ಲಿ, ನಮ್ಮ ತಂದೆಯವರು ಹಸಿರು ಟವೆಲ್ಲು ಹಾಕಿಕೊಂಡು ರೈತ ಸಂಘದವರ ಜೊತೆ ಬೆಂಗಳೂರಿಗೆ ಹೋಗಿ ಬರುತ್ತಿದ್ದರು. ಬೀಜದ ಭಯ ಅವರಿಗಿತ್ತು. ಆದರೆ 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿದಾಗ, ಅದೇ ಒಪ್ಪಂದದ ಕಟ್ಟಿನಲ್ಲಿ ಸೇವೆಗಳ ವ್ಯಾಪಾರ ಎಂಬ ಇನ್ನೊಂದು ಭಾಗವಿತ್ತು, ಬ್ಯಾಂಕು, ವಿಮೆಗಳ ಜೊತೆಗೆ ಶಿಕ್ಷಣವೂ ಆ ಪಟ್ಟಿಯಲ್ಲಿತ್ತು ಎಂಬುದು ಅವರಿಗೂ ತಿಳಿದಿರಲಿಲ್ಲ. ನಮಗೆ ತಿಳಿದದ್ದೂ ಈಚೆಗೆ, ಅದೂ ಪೆಟ್ಟು ತಿಂದ ಮೇಲೆ.

ಆ ವಿಚಾರ ಹೇಳಿಬಿಡುತ್ತೇವೆ. ಸಂಬಂಧಪಟ್ಟವರನ್ನು ಕೇಳಿಯೇ ಹೇಳುತ್ತಿದ್ದೇವೆ, ಹೆಸರು ಬೇಡ. 2023ರ ಕೊನೆಯಲ್ಲಿ ನಮ್ಮ ಸದಸ್ಯರೊಬ್ಬರು ಸಂಘದ ಆಫೀಸಿಗೆ ಬಂದು, ಮೂರು ವರ್ಷದ ಹಾಲಿನ ಬಟವಾಡೆಯ ಲೆಕ್ಕ ಬರೆದು ಒಂದು ಸರ್ಟಿಫಿಕೇಟ್ ಕೊಡಿ, ಮಗನ ಓದಿಗೆ ಬ್ಯಾಂಕಿನವರು ಕೇಳುತ್ತಿದ್ದಾರೆ ಎಂದರು. ಹುಡುಗ ತುಮಕೂರಿನಲ್ಲಿ ಬಿ.ಕಾಂ. ಮುಗಿಸಿದ್ದ. ಬೆಂಗಳೂರಿನ ಏಜೆಂಟೊಬ್ಬ ಕೆನಡಾದ ಒಂಟಾರಿಯೊ ಪ್ರಾಂತ್ಯದ ಒಂದು ಕಾಲೇಜಿನಲ್ಲಿ ಎರಡು ವರ್ಷದ ಡಿಪ್ಲೊಮಾಗೆ ಸೀಟು ಕೊಡಿಸಿದ್ದ. ಆ ವರ್ಷ ನಾವು ಉಪಾಧ್ಯಕ್ಷರಾಗಿದ್ದೆವು. ನಮ್ಮೂರ ಹುಡುಗ ವಿಮಾನ ಹತ್ತುತ್ತಾನಲ್ಲಾ ಎಂದು ಸಂತೋಷವಾಗಿ ಸಹಿ ಹಾಕಿ ಸೀಲು ಒತ್ತಿದೆವು. ಕಾಗದ ಓದಲಿಲ್ಲ. ಓದಿದ್ದರೂ ಅರ್ಥವಾಗುತ್ತಿರಲಿಲ್ಲ ಅನ್ನಿ.

ಅಲ್ಲಿಗೆ ಹೋಗುವ ವಿದ್ಯಾರ್ಥಿ ಶುಲ್ಕವಲ್ಲದೆ ಜೀವನದ ಖರ್ಚಿಗೆಂದು 10,000 ಡಾಲರ್ ತೋರಿಸಬೇಕಿತ್ತು. 2024ರ ಜನವರಿ 1ರಿಂದ ಅದನ್ನು 20,635 ಡಾಲರಿಗೆ ಏರಿಸಿದರು. ನಮ್ಮ ಲೆಕ್ಕಕ್ಕೆ 12 ಲಕ್ಷ ರೂಪಾಯಿಯ ಮೇಲೆ. ಇವರ ಅರ್ಜಿ ಆ ತಾರೀಖು ದಾಟಿಬಿಟ್ಟಿತ್ತು. ಕಡಿಮೆ ಬಿದ್ದ ದುಡ್ಡಿಗೆ ಒಂದು ಎಕರೆ ತೆಂಗಿನ ತೋಟ ಹೋಯಿತು. ಅದೇ ಜನವರಿಯಲ್ಲಿ ಕೆನಡಾ ಸರ್ಕಾರ, ಇನ್ನು ಮುಂದೆ ಹೊರದೇಶದ ವಿದ್ಯಾರ್ಥಿಗಳಿಗೆ ಮಿತಿ ಹಾಕುತ್ತೇವೆಂದು ಪ್ರಕಟಿಸಿತು. ಆ ವರ್ಷದ ಹೊಸ ಪರವಾನಗಿ ಸುಮಾರು 3,60,000ಕ್ಕೆ ನಿಲ್ಲಬೇಕು, ಹಿಂದಿನ ವರ್ಷಕ್ಕಿಂತ ನೂರಕ್ಕೆ 35 ಕಡಿಮೆ. ನಮ್ಮ ಹುಡುಗನಿಗೆ ವೀಸಾ ಸಿಗಲಿಲ್ಲ. ಆಮೇಲೆ ತಿಳಿದವರೊಬ್ಬರ ಕೈಲಿ ಕಾಗದ ಓದಿಸಿದರೆ ಇನ್ನೊಂದು ಸಂಗತಿ ಹೊರಬಿತ್ತು. ಕಾಗದದ ಮೇಲೆ ಹೆಸರು ಸರ್ಕಾರಿ ಕಾಲೇಜಿನದು, ಪಾಠ ಮಾತ್ರ ಬೇರೆ ಊರಿನ ಖಾಸಗಿ ಪಾಲುದಾರರ ಕಟ್ಟಡದಲ್ಲಿ! ಅಂಥ ಕಡೆ 2024ರ ಮೇ 15ರಿಂದ ಹೊಸದಾಗಿ ಸೇರಿದವರಿಗೆ, ಓದು ಮುಗಿದ ಮೇಲೆ ಅಲ್ಲಿ ಕೆಲಸ ಮಾಡುವ ಪರವಾನಗಿಯೇ ಇಲ್ಲ. ಹೋಗಿದ್ದರೂ ಬರಿಗೈಲಿ ಬರಬೇಕಿತ್ತು. ಕಾಲೇಜಿಗೆ ಕಟ್ಟಿದ್ದರಲ್ಲಿ ಮುರಿದುಕೊಂಡು ಮಿಕ್ಕಿದ್ದನ್ನು ಎಷ್ಟೋ ತಿಂಗಳ ಮೇಲೆ ಹಿಂತಿರುಗಿಸಿದರು, ಏಜೆಂಟನಿಂದ ಒಂದು ಪೈಸೆ ಬರಲಿಲ್ಲ. ತೋಟ ಕೊಂಡವರು ಬೇಲಿ ಹಾಕಿ ಆಗಿತ್ತು.

ಈಗ ಆ ಕಾಲೇಜುಗಳ ಹುಟ್ಟು ಕೇಳಿ, ನಮ್ಮ ಸಂಘದ ಕಥೆಯ ಹಾಗೇ ಇದೆ. ಒಂಟಾರಿಯೊ ಸರ್ಕಾರ 1965ರಲ್ಲಿ ಕಾನೂನು ಮಾಡಿ ಇವನ್ನು ತೆರೆದದ್ದು, ಯೂನಿವರ್ಸಿಟಿಗೆ ಹೋಗಲಾರದ ತಮ್ಮ ಊರೂರಿನ ಮಕ್ಕಳು ಹತ್ತಿರದಲ್ಲೇ ಕಡಿಮೆ ಖರ್ಚಿನಲ್ಲಿ ಕೈಕೆಲಸ ಕಲಿಯಲಿ ಎಂದು. ಅಮೆರಿಕದಲ್ಲಿ ಇಂಥವಕ್ಕೆ ಸಮುದಾಯ ಕಾಲೇಜು ಅನ್ನುತ್ತಾರೆ, ಅಲ್ಲಿ 1901ರಿಂದಲೇ ಇವೆ. ಒಂಟಾರಿಯೊದಲ್ಲಿ ಇಂಥ ಸರ್ಕಾರಿ ಕಾಲೇಜುಗಳು 24. ಬರುಬರುತ್ತಾ ಸರ್ಕಾರದ ಅನುದಾನ ಸಾಲದೆ ಹೋಯಿತು. 2019ರಲ್ಲಿ ಅಲ್ಲಿನ ಸರ್ಕಾರ ತನ್ನ ಮಕ್ಕಳ ಶುಲ್ಕವನ್ನು ನೂರಕ್ಕೆ 10ರಷ್ಟು ಇಳಿಸಿ, ಆಮೇಲೆ ಏರಿಸಲೂ ಬಿಡಲಿಲ್ಲ. ಹೊರದೇಶದವರ ಶುಲ್ಕಕ್ಕೆ ಆ ಕಟ್ಟು ಇರಲಿಲ್ಲ, ಅದು ಸ್ಥಳೀಯರದಕ್ಕಿಂತ ಹಲವು ಪಟ್ಟು. ಕಾಲೇಜುಗಳು ಆ ಕಡೆ ತಿರುಗಿದವು, ವಿದ್ಯಾರ್ಥಿಯನ್ನು ಕರೆತಂದ ಏಜೆಂಟರಿಗೆ ತಲೆಗಿಷ್ಟು ಎಂದು ಕಮಿಷನ್ ಕೊಟ್ಟವು. ಭಾರತದವರೇ ಹೆಚ್ಚು ಹೋದರು, ಅದರಲ್ಲೂ ಪಂಜಾಬಿನ ರೈತರ ಮಕ್ಕಳು. ಮಿತಿ ಬಂದ ಮೇಲೆ ಏನಾಯಿತು? ಶೆರಿಡನ್ ಎಂಬ ಕಾಲೇಜು 2024ರ ನವೆಂಬರಿನಲ್ಲಿ 40 ಕೋರ್ಸುಗಳನ್ನು ನಿಲ್ಲಿಸುವುದಾಗಿ ಹೇಳಿತು. ಯಾವ ಊರಿನ ಮಕ್ಕಳಿಗೆಂದು ಕಟ್ಟಿದ್ದರೋ ಅವರಿಗೂ ಆ ಕೋರ್ಸು ಇಲ್ಲ. ಸದಸ್ಯರ ಹಾಲು ಮರೆತು ಹೊರಗಿನ ಹಾಲು ನೆಚ್ಚಿಕೊಂಡು ಡೇರಿ ನಡೆಸಿದರೆ ಇನ್ನೇನಾಗುತ್ತದೆ?

ನಮ್ಮ ಕಡೆಗೂ ಆ ಗಾಳಿ ಬೀಸಿದೆ. 2021ರಲ್ಲಿ ನಮ್ಮ ರಾಜ್ಯದಲ್ಲಿ ಡಿಗ್ರಿಯನ್ನು ಮೂರು ವರ್ಷದ ಜೊತೆಗೆ ನಾಲ್ಕನೆಯ ವರ್ಷವೂ ಓದುವ ಹಾಗೆ ಮಾಡಿದರು. ಹೊರದೇಶದಲ್ಲಿ ಎಂ.ಎ., ಎಂ.ಎಸ್ಸಿ. ಸೇರಲು ಒಟ್ಟು 16 ವರ್ಷದ ಓದು ಕೇಳುತ್ತಾರೆ, ನಮ್ಮದು 15 ಆಗುತ್ತದೆ ಎಂಬುದೂ ಅದಕ್ಕೊಂದು ಕಾರಣ. 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರಕ್ಕೇ ತಂದಿತು. ನಮ್ಮ ಮಗಳು ಹೋಬಳಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಈ ಎರಡರ ನಡುವೆ ಸಿಕ್ಕಿಕೊಂಡವಳು. "ಅಪ್ಪಾ, ಮೂರಕ್ಕೆ ನಿಲ್ಲಿಸಲಾ, ನಾಲ್ಕು ಮಾಡಲಾ?" ಎಂದು ಕೇಳಿದಾಗ ನಾವೇನು ಹೇಳೋಣ? ಮೂರಕ್ಕೇ ಮುಗಿಸಿದಳು. ಆ ಕಾಲೇಜಿನಲ್ಲಿ ಅರ್ಧಕ್ಕರ್ಧ ಅತಿಥಿ ಉಪನ್ಯಾಸಕರು, ಆದರೂ ಅವಳ ಓದಿಗೆ ನಾವು ಒಂದು ಕರುವನ್ನೂ ಮಾರಲಿಲ್ಲ, 2023ರ ಜೂನ್ ಮೇಲೆ ಬಸ್ ಚಾರ್ಜೂ ಇಲ್ಲ. ಅತ್ತ ಬೆಂಗಳೂರಿಗೆ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯವೇ ಬರಲು 2025ರ ಮೇ ತಿಂಗಳಲ್ಲಿ ಒಪ್ಪಿಗೆ ಪಡೆದಿದೆ. ಬರಲಿ, ಬೇಡವೆನ್ನಲು ನಾವ್ಯಾರು. ಹೋಬಳಿ ಕಾಲೇಜಿಗೆ ಕಾಯಂ ಮೇಷ್ಟ್ರು ಯಾವಾಗ ಬರುತ್ತಾರೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಒಳ್ಳೆಯದನ್ನೂ ಹೇಳಬೇಕು. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಕಂಪ್ಯೂಟರಿನಿಂದ ನಡೆಯುವ ಹೊಸ ಯಂತ್ರಗಳನ್ನು ಹಾಕಿದರು. ನಮ್ಮೂರಿನ ಒಬ್ಬ ಹುಡುಗ ಅಂಥ ಕಡೆ ಕಲಿತು ವಸಂತನರಸಾಪುರದ ಕಾರ್ಖಾನೆಯಲ್ಲಿದ್ದಾನೆ, ಸಂಜೆ ಮನೆಗೆ ಬಂದು ಹಾಲನ್ನೂ ಕರೆಯುತ್ತಾನೆ. ಪಕ್ಕದೂರಿನ ಹುಡುಗಿ ಇಲ್ಲೇ ನರ್ಸಿಂಗ್ ಓದಿ, ಕೆಲಸ ಖಾತ್ರಿ ಮಾಡಿಕೊಂಡು ಹೊರದೇಶಕ್ಕೆ ಹೋದವಳು, ಅವಳ ದುಡ್ಡಿನಲ್ಲಿ ಅವರ ಮನೆಗೆ ಬೋರ್‌ವೆಲ್ ಆಗಿದೆ. ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ.

ಸಿದ್ಧಗಂಗೆ ದನಗಳ ಜಾತ್ರೆಯಲ್ಲಿ ದಲ್ಲಾಳಿ ಟವೆಲ್ಲಿನ ಒಳಗೆ ಬೆರಳು ಹಿಡಿದು ಎಷ್ಟು ಆಣೆ ಮಾಡಿದರೂ ನಾವು ಹಲ್ಲು ನೋಡದೆ ದನ ಹಿಡಿಯುವುದಿಲ್ಲ. ಸೀಮೆಹಸು ಕೊಳ್ಳುವಾಗ ಎರಡು ಹೊತ್ತು ಹಾಲು ಕರೆದು ನೋಡುತ್ತೇವೆ. 20 ಲಕ್ಷದ ಕಾಲೇಜಿಗೆ ಮಾತ್ರ ಏಜೆಂಟ್ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ ಬರುತ್ತೇವೆ. ಅವನಿಗೆ ಎರಡೂ ಕಡೆಯಿಂದ ದುಡ್ಡು.

ಕಳೆದ ಆಡಳಿತ ಮಂಡಳಿ ಸಭೆಯಲ್ಲಿ ಈ ವಿಷಯ ಇಟ್ಟೆವು. ಇದು ಹಾಲಿನ ಸಂಘದ ಕೆಲಸವಲ್ಲ ಎಂದು ಇಬ್ಬರು ನಿರ್ದೇಶಕರು ಹೇಳಿದರು, ಅದರಲ್ಲೂ ಸತ್ಯವಿದೆ. ಆದರೆ ಸೀಲು ಸಂಘದ್ದು, ಬ್ಯಾಂಕಿಗೆ ಹೋಗುವುದು ಹಾಲಿನ ಲೆಕ್ಕ. ಕೊನೆಗೆ ಹೀಗೆ ಒಪ್ಪಿದೆವು: ಓದಿನ ಸಾಲಕ್ಕೆ ಬಟವಾಡೆ ಸರ್ಟಿಫಿಕೇಟ್ ಕೇಳುವವರು ಕಾಲೇಜಿನ ಕಾಗದವನ್ನೂ ತರಬೇಕು. ನಿವೃತ್ತ ಉಪನ್ಯಾಸಕರೊಬ್ಬರು ಪ್ರತಿ ತಿಂಗಳ ಮೊದಲನೇ ಶನಿವಾರ ಸಂಜೆ ಬಂದು ಓದಿ ಹೇಳಲು ಒಪ್ಪಿದ್ದಾರೆ. ಪಾಠ ಯಾವ ಕಟ್ಟಡದಲ್ಲಿ, ಕೆಲಸದ ಪರವಾನಗಿ ಉಂಟೋ ಇಲ್ಲವೋ, ವೀಸಾ ಸಿಗದಿದ್ದರೆ ಎಷ್ಟು ವಾಪಸು, ಇವು ಮೂರನ್ನು ಅವರು ಬರೆದುಕೊಡುತ್ತಾರೆ. ತೀರ್ಮಾನ ನಿಮ್ಮದೇ. ಏಜೆಂಟನಿಗೆ ಮುಂಗಡ ಕೊಟ್ಟ ಮೇಲೆ ತರಬೇಡಿ, ಮೊದಲೇ ತನ್ನಿ.

ಅದಕ್ಕೆಂದು ಕಾರ್ಯದರ್ಶಿಗಳ ಹತ್ತಿರ ಒಂದು ಪುಸ್ತಕ ಇಟ್ಟಿದ್ದೇವೆ. ಈಗಾಗಲೇ ಎರಡು ಹೆಸರು ಬಂದಿವೆ. ತೋಟ ಕಳೆದುಕೊಂಡವರು ತಾವೂ ಆ ಸಂಜೆ ಬಂದು ಕೂರುತ್ತೇವೆ ಎಂದಿದ್ದಾರೆ. ಸಂಜೆ ಹಾಲಿನ ಹೊತ್ತಾಗುತ್ತಾ ಬಂತು, ಇಲ್ಲಿಗೆ ನಿಲ್ಲಿಸುತ್ತೇವೆ.