ಲೇಬರ್ ಕೋರ್ಟಿಗೆ ಹೋಗುವ ಮುನ್ನ



“ನಾಳೆಯಿಂದ ಬರುವುದು ಬೇಡ.” ನಮ್ಮ ಕಡೆ ಕೆಲಸ ಹೋಗುವುದು ಹೆಚ್ಚಾಗಿ ಹೀಗೆ, ಬಾಯಿಮಾತಿನಲ್ಲಿ. ಕೊಕ್ಕರ್ಣೆ, ಪೇತ್ರಿ, ಬಾರ್ಕೂರು ಸುತ್ತಿನವರು ಗೇರುಬೀಜದ ಕಾರ್ಖಾನೆ, ಹಂಚಿನ ಕಾರ್ಖಾನೆ, ಹೋಟೆಲು, ಅಂಗಡಿಗಳಲ್ಲಿ ದುಡಿಯುತ್ತಾರೆ. ಸೇರುವಾಗ ನೇಮಕದ ಆದೇಶ ಕೇಳಿದವರು ಕಡಿಮೆ, ಬಿಡಿಸುವಾಗ ಪತ್ರ ಕೈಗೆ ಸಿಕ್ಕವರು ಇನ್ನೂ ಕಡಿಮೆ. ಮುಂದೆ ಕೋರ್ಟಿನಲ್ಲಿ ಧಣಿಗಳು ಹೇಳುವ ಮಾತು ಒಂದೇ: “ನಾವು ತೆಗೆದೇ ಇಲ್ಲ, ಅವರೇ ಬಿಟ್ಟು ಹೋದರು.” ಆಗ ನಿಮ್ಮ ಹತ್ತಿರ ಕಾಗದ ಏನಿದೆ ಎಂಬುದರ ಮೇಲೆ ಮೊಕದ್ದಮೆ ನಿಲ್ಲುತ್ತದೆ.

ಕರ್ನಾಟಕದ್ದೇ ಒಂದು ಪ್ರಕರಣ ಹೇಳುತ್ತೇನೆ. ಆರ್. ಎಂ. ಯಲ್ಲಟ್ಟಿ ಪ್ರಕರಣವೆಂದು ವಕೀಲರಿಗೆಲ್ಲ ಪರಿಚಿತ. ಸರ್ಕಾರಿ ಇಲಾಖೆಯೊಂದರ ಎಂಜಿನಿಯರ ಕೈಕೆಳಗೆ 1988ರ ನವೆಂಬರಿನಿಂದ 1994ರ ಜೂನ್‌ವರೆಗೆ ದಿನಗೂಲಿಗೆ ದುಡಿದ ನೌಕರ, ನೋಟಿಸು ಪರಿಹಾರ ಯಾವುದೂ ಇಲ್ಲದೆ ತೆಗೆದರೆಂದು ಲೇಬರ್ ಕೋರ್ಟಿಗೆ ಹೋದರು. ಹಿಂದೆ ಅಲ್ಲಿದ್ದ ಸಹಾಯಕ ಕಾರ್ಯಪಾಲಕ ಎಂಜಿನಿಯರರು ಬರೆದುಕೊಟ್ಟ ಸೇವಾ ಪ್ರಮಾಣಪತ್ರವೊಂದು ಅವರಲ್ಲಿತ್ತು. ಹಾಜರಿ ಪಟ್ಟಿ ಇಲಾಖೆಯ ಬೀರುವಿನಲ್ಲಿತ್ತು. ಅದನ್ನು ತರಿಸಿ ಎಂದು ಅವರು ಕೋರ್ಟನ್ನು ಕೇಳಿದರು. ಇಲಾಖೆ ತಂದದ್ದು ಐದೇ ಪಟ್ಟಿ. ಅದರಲ್ಲಿ ಮೂರು ಆ ಅವಧಿಯವೇ ಅಲ್ಲ. ಉಳಿದೆರಡರಲ್ಲಿ ಕಂಡದ್ದು 43 ದಿನದ ಕೆಲಸ. ಮಿಕ್ಕ ಪಟ್ಟಿಗಳು ಎಲ್ಲಿ ಹೋದವು ಎಂಬುದಕ್ಕೆ ಉತ್ತರವಿರಲಿಲ್ಲ. ಲೇಬರ್ ಕೋರ್ಟು ಪ್ರಮಾಣಪತ್ರವನ್ನು ನಂಬಿತು. ಹೈಕೋರ್ಟಿನ ವಿಭಾಗೀಯ ಪೀಠ ಅದನ್ನು ಒಪ್ಪದಿದ್ದರೂ 2005ರಲ್ಲಿ ಸುಪ್ರೀಂ ಕೋರ್ಟು ನೌಕರನ ಪರವಾಗಿಯೇ ತೀರ್ಪಿತ್ತಿತು.

ಆ ತೀರ್ಪಿನಲ್ಲಿ ನಮಗೆ ಬೇಕಾದ ಮಾತುಗಳು ಎರಡು. ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದೇನೆಂದು ತೋರಿಸುವ ಹೊಣೆ ಮೊದಲು ಕಾರ್ಮಿಕನದೇ. ಬರೀ ಅಫಿಡವಿಟ್ ಸಾಲದು, ಸಾಕ್ಷಿ ಕಟ್ಟೆ ಹತ್ತಬೇಕು. ಎರಡನೆಯದು, ದಾಖಲೆ ಮಾಲೀಕರ ಬಳಿ ಇದ್ದರೆ ಅದನ್ನು ಹಾಜರುಪಡಿಸುವಂತೆ ಲಿಖಿತವಾಗಿ ಕೇಳಬೇಕು. ಕೇಳದೆ ಸುಮ್ಮನಿದ್ದವರಿಗೆ ಅದರ ಪ್ರಯೋಜನ ಸಿಗುವುದು ಕಷ್ಟ.

240 ದಿನಕ್ಕೇಕೆ ಇಷ್ಟು ಮಹತ್ವ? ವರ್ಷದಲ್ಲಿ ಅಷ್ಟು ದಿನ ದುಡಿದವರನ್ನು ಕೆಲಸ ಕಡಿಮೆಯೆಂದು ಬಿಡಿಸಬೇಕಾದರೆ ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ ಕೊಡಬೇಕು, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಪರಿಹಾರವಾಗಿ ಕೊಡಬೇಕು. ಸಂಬಳ ಸಹಿತ ರಜೆ, ಸಂಬಳವಿರುವ ವಾರದ ರಜೆ, ಹೆರಿಗೆ ರಜೆ ಇವೂ ಆ ಲೆಕ್ಕಕ್ಕೆ ಸೇರುತ್ತವೆ. ಎಷ್ಟೋ ಜನ ಭಾನುವಾರಗಳನ್ನು ಕಳೆದು, ತಮಗೆ ಹಕ್ಕಿಲ್ಲವೆಂದು ತಾವೇ ಕೈಬಿಡುತ್ತಾರೆ.

ಹಾಗಾದರೆ ಕೆಲಸ ಹೋದ ವಾರದಲ್ಲೇ ಮಾಡಬೇಕಾದ್ದೇನು? “ಇಂಥ ತಾರೀಕಿನಂದು ನನ್ನನ್ನು ಒಳಗೆ ಬಿಡಲಿಲ್ಲ, ಕೆಲಸಕ್ಕೆ ಬರಲು ನಾನು ತಯಾರಿದ್ದೇನೆ” ಎಂದು ಧಣಿಗಳಿಗೆ ಒಂದು ಪತ್ರ ಬರೆಯಿರಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನೂ ಪತ್ರದ ನಕಲನ್ನೂ ಇಟ್ಟುಕೊಳ್ಳಿ. “ಅವರೇ ಬಿಟ್ಟು ಹೋದರು” ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಆಮೇಲೆ ಸಂಬಳ ಚೀಟಿ, ಬ್ಯಾಂಕಿನ ಪಾಸ್‌ಬುಕ್, ಪಿಎಫ್ ಲೆಕ್ಕ, ಇಎಸ್‌ಐ ಕಾರ್ಡು, ಗುರುತಿನ ಚೀಟಿ, ಹಾಜರಿಯ ಬಗ್ಗೆ ಮೇಸ್ತ್ರಿ ಕಳಿಸಿದ ವಾಟ್ಸಾಪ್ ಸಂದೇಶ, ಏನಿದ್ದರೂ ತಾರೀಕಿನ ಕ್ರಮದಲ್ಲಿ ಜೋಡಿಸಿ.

ಮೊದಲ ಬಾಗಿಲು ಕಾರ್ಮಿಕ ಇಲಾಖೆ. ಅಲ್ಲಿ ಸಂಧಾನಾಧಿಕಾರಿ ಎರಡೂ ಕಡೆಯವರನ್ನು ಕರೆಸಿ ರಾಜಿಗೆ ಯತ್ನಿಸುತ್ತಾರೆ. 2025ರ ನವೆಂಬರ್ 21ರಿಂದ, 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಅದರ ಪ್ರಕಾರ ಸಂಧಾನ 45 ದಿನದಲ್ಲಿ ಮುಗಿಯಬೇಕು. ಮುರಿದುಬಿದ್ದರೆ ವರದಿ ಕೈಸೇರಿದ 90 ದಿನದೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ವಿವಾದ ಹುಟ್ಟಿ ಎರಡು ವರ್ಷ ಕಳೆದರೆ ಸಂಧಾನವೇ ಇಲ್ಲ. ಹಳೆಯ ಕಾಯ್ದೆಯಲ್ಲಿ ಮೂರು ವರ್ಷ ಎಂದು ಕೇಳಿದವರು ಆ ಭರವಸೆಯಲ್ಲಿ ಕೂರಬಾರದು. ಇಲ್ಲಿಯವರೆಗೆ ನಮ್ಮ ಕಡೆಯ ಮೊಕದ್ದಮೆ ನಡೆದದ್ದು ಮಂಗಳೂರಿನ ಲೇಬರ್ ಕೋರ್ಟಿನಲ್ಲಿ; ಸಂಹಿತೆ ಹೇಳುವ ನ್ಯಾಯಮಂಡಳಿಯಲ್ಲಿ ಒಬ್ಬರು ನ್ಯಾಯಾಂಗ ಸದಸ್ಯರು, ಒಬ್ಬರು ಆಡಳಿತ ಸದಸ್ಯರು ಇರುತ್ತಾರೆ.

ಖಾಸಗಿ ಶಾಲೆಯ ಶಿಕ್ಷಕರ ದಾರಿ ಬೇರೆ. ಅವರು ಕರ್ನಾಟಕ ಶಿಕ್ಷಣ ಕಾಯ್ದೆಯಡಿ, ಜಿಲ್ಲಾ ನ್ಯಾಯಾಧೀಶರು ನಡೆಸುವ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಮೂರು ತಿಂಗಳೊಳಗೆ ಹೋಗಬೇಕು.

ವಕೀಲರಿಗೆ ಕೊಡಲು ದುಡ್ಡೆಲ್ಲಿ ಎಂಬ ಚಿಂತೆ ಸಹಜ. ಕಾರ್ಮಿಕ ಸಂಘದ ಪದಾಧಿಕಾರಿ ನಿಮ್ಮ ಪರವಾಗಿ ವಾದಿಸಬಹುದು. ವಕೀಲರು ಬರಬೇಕಾದರೆ ಎದುರು ಪಕ್ಷದ ಒಪ್ಪಿಗೆ ಮತ್ತು ನ್ಯಾಯಾಲಯದ ಅನುಮತಿ ಎರಡೂ ಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೂ ಕೈಗಾರಿಕಾ ಕಾರ್ಮಿಕರಿಗೂ ಆದಾಯ ನೋಡದೆ ಉಚಿತ ನೆರವಿದೆ. ಉಡುಪಿಯಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. ಫೋನಿನಲ್ಲಿ ಕೇಳುವುದಾದರೆ 15100.

ಇನ್ನು ವಿಚಾರಣೆಯ ದಿನ. ಕೊಕ್ಕರ್ಣೆಯಿಂದ ಬೆಳಗಿನ ಬಸ್ಸು ಹಿಡಿದು ಬ್ರಹ್ಮಾವರ, ಅಲ್ಲಿಂದ ಮಂಗಳೂರು. ಹೆಸರು ಕೂಗುವಾಗ ನೀವು ಅಲ್ಲಿರಬೇಕು. ಗೈರಾದರೆ ನಿಮ್ಮನ್ನು ಬಿಟ್ಟೇ ಮೊಕದ್ದಮೆ ಮುಂದೆ ಹೋಗಬಹುದು. ಹುಷಾರಿಲ್ಲದಿದ್ದರೆ ಡಾಕ್ಟರ ಚೀಟಿಯೊಂದಿಗೆ ವಾಯಿದೆ ಕೇಳಿಸಿ. ಮೂಲ ದಾಖಲೆ ಒಯ್ಯಿರಿ. ಜೆರಾಕ್ಸಿಗೆ ಎದುರು ಪಕ್ಷ ಆಕ್ಷೇಪ ಎತ್ತುವುದುಂಟು.

ಅಫಿಡವಿಟ್ ಸಲ್ಲಿಸಿದ ಮೇಲೆ ಪಾಟೀಸವಾಲು. ಊರು ಯಾವುದು, ಎಷ್ಟು ಓದಿದ್ದೀರಿ ಎಂದು ಸುಲಭದಲ್ಲೇ ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ, “ಮಗಳ ಮದುವೆಗೆಂದು ನೀವೇ ಕೆಲಸ ಬಿಟ್ಟಿರಿ” ಎನ್ನುತ್ತಾರೆ. ಕೇಳಲು ಪ್ರಶ್ನೆಯ ಹಾಗಿಲ್ಲ, ಆದರೆ ಉತ್ತರ ಬೇಕು. ತಲೆ ಅಲ್ಲಾಡಿಸಿದರೆ ದಾಖಲೆಗೆ ಬರುವುದಿಲ್ಲ. “ಸರಿಯಲ್ಲ” ಎಂದು ಗಟ್ಟಿಯಾಗಿ ಹೇಳಿ. “ಮಗಳ ಮದುವೆಗಾಗಿ ನಾನೇ ಕೆಲಸ ಬಿಟ್ಟೆ ಎಂದರೆ ಸರಿಯಲ್ಲ” ಎಂದು ಅದು ಬರಹಕ್ಕೆ ಇಳಿಯುತ್ತದೆ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಎನ್ನಿ; ಅಂದಾಜು ಹೇಳಿ ಸಿಕ್ಕಿಬೀಳಬೇಡಿ. “ಈಗ ಎಲ್ಲಿ ಕೆಲಸ ಮಾಡುತ್ತೀರಿ?” ಎಂದೂ ಕೇಳುತ್ತಾರೆ. ಹಿಂಬಾಕಿ ಸಂಬಳ ಸಿಗುವುದು ಬಿಡುವುದು ಈ ಉತ್ತರವನ್ನೂ ಅವಲಂಬಿಸಿದೆ. ತೋಟದ ಕೂಲಿಗೆ ನಾಲ್ಕು ದಿನ ಹೋಗಿದ್ದರೆ ಹೋಗಿದ್ದೆ ಎನ್ನಿ. ಒಂದು ಸುಳ್ಳು ಹೊರಬಿದ್ದರೆ ಹೇಳಿದ ನಿಜಕ್ಕೂ ಬೆಲೆ ಇಳಿಯುತ್ತದೆ. ಕೊನೆಗೆ ನಿಮ್ಮ ಹೇಳಿಕೆಯನ್ನು ಓದಿಸಿಕೊಂಡು, ತಪ್ಪಿದ್ದರೆ ತಿದ್ದಿಸಿ, ಆಮೇಲೆ ಸಹಿ ಹಾಕಿ.

ಗೆದ್ದರೆ ಕೆಲಸ ವಾಪಸು ಸಿಕ್ಕೇ ಸಿಗುತ್ತದೆ ಎಂದೇನಿಲ್ಲ. ದಿನಗೂಲಿಯವರಿಗೆ ಇಡಿಗಂಟು ಪರಿಹಾರ ಕೊಡಿಸುವುದು ಈಚಿನ ತೀರ್ಪುಗಳ ರೂಢಿ. ಆದ್ದರಿಂದ ನಡುವೆ ರಾಜಿಯ ಮಾತು ಬಂದರೆ, ನಿಮಗೆ ಬರಬೇಕಾದ ಗ್ರಾಚ್ಯುಟಿ, ನೋಟಿಸು ಸಂಬಳ, ಪರಿಹಾರ ಎಲ್ಲವನ್ನೂ ಕೂಡಿಸಿಕೊಂಡು ಕುಳಿತುಕೊಳ್ಳಿ. ಲೆಕ್ಕ ಗೊತ್ತಿಲ್ಲದೆ ಹಾಕಿದ ಸಹಿಯನ್ನು ಆಮೇಲೆ ಹಿಂತೆಗೆಯುವುದು ಸುಲಭವಲ್ಲ.

ಈ ಮಾತು ಕೆಲಸ ಕಳೆದುಕೊಂಡವರಿಗಿಂತ ಹೆಚ್ಚಾಗಿ ಈಗ ಕೆಲಸದಲ್ಲಿರುವವರಿಗೆ. ಒಂದು ನೋಟ್ ಪುಸ್ತಕ ಇಟ್ಟುಕೊಂಡು ಹೋದ ದಿನ, ಸಿಕ್ಕ ಸಂಬಳ, ಕೊಟ್ಟವರ ಹೆಸರು ಬರೆದಿಡಿ. ಸಂಬಳವನ್ನು ಬ್ಯಾಂಕಿಗೇ ಹಾಕಿ ಎಂದು ಕೇಳಿ. ಮೇಲಿನ ಅಧಿಕಾರಿ ಒಳ್ಳೆಯವರಿದ್ದಾಗಲೇ ಸೇವಾ ಪ್ರಮಾಣಪತ್ರ ಬರೆಸಿಕೊಳ್ಳಿ. ಅವರು ವರ್ಗವಾಗಿ ಹೋದ ಮೇಲೆ ಹುಡುಕಿಕೊಂಡು ಹೋಗುವುದಕ್ಕಿಂತ ಅದು ಸುಲಭ.