ಕಂಪ್ಯೂಟರ್ ಕೆಟ್ಟು ನಿಂತ ದಿನದ ಲೆಕ್ಕ



ಮಗ ಡಿಪ್ಲೊಮಾಕ್ಕೋ, ಮಗಳು ಬಿ.ಸಿ.ಎ.ಗೋ ಹೆಸರು ಹಚ್ಚಿದ ಮನೆಗಳಲ್ಲಿ ಈಗ ಒಂದು ಪ್ರಶ್ನೆ ಇದ್ದೇ ಇರುತ್ತದೆ. "ಕಂಪ್ಯೂಟರ್ ಕಂಪನೀದು ತಗೊಳ್ಳೂದು ಚಲೋನೋ, ಸಾಮಾನ ತಂದು ಅಸೆಂಬಲ್ ಮಾಡ್ಸೂದು ಚಲೋನೋ?" ಹುಬ್ಬಳ್ಳಿಯ ಅಂಗಡಿಯಲ್ಲಿ ಕೇಳಿದರೆ ಉತ್ತರ ಬೆಲೆಯಿಂದ ಶುರುವಾಗುತ್ತದೆ. ಪೇಟೆಯಲ್ಲೇ ಮನೆ ಇದ್ದವರಿಗೆ ಅಷ್ಟು ಸಾಕಾದೀತು. ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಂಥ ಊರಿನವರು ಮಾತ್ರ ಇನ್ನೊಂದು ತುದಿಯಿಂದ ಲೆಕ್ಕ ಹಿಡಿಯಬೇಕು ಎಂದು ನನ್ನ ವಿನಂತಿ. ಯಂತ್ರ ಮನೆಗೆ ಬರುವ ದಿನಕ್ಕಿಂತ ಮೊದಲು, ಅದು ಕೆಟ್ಟು ನಿಲ್ಲುವ ದಿನವನ್ನು ನೆನೆಯಿರಿ. ಆ ದಿನ ರಿಪೇರಿಗೆ ಯಾರು ಬರುತ್ತಾರೆ? ಯಾರೂ ಬರದಿದ್ದರೆ ಡಬ್ಬಿ ಹೊತ್ತು ಬಸ್ಸು ಹತ್ತುವವರು ಯಾರು? ಕೆಲಸ ಎಷ್ಟು ದಿನ ನಿಲ್ಲುತ್ತದೆ?

ಕಂಪ್ಯೂಟರನ್ನು ಬಿಡಿ ಸಾಮಾನಿನಿಂದ ಜೋಡಿಸಲು ಬರುತ್ತದೆ ಎಂಬುದೇ ಹಲವರಿಗೆ ಅಚ್ಚರಿ. ಟ್ರ್ಯಾಕ್ಟರ್ ಇದ್ದವರಿಗೆ ಇದು ಬೇಗ ತಿಳಿಯುತ್ತದೆ. ಟ್ರ್ಯಾಕ್ಟರ್ ಒಂದು ಕಂಪನಿಯದು, ರೋಟಾವೇಟರ್ ಇನ್ನೊಂದು ಕಂಪನಿಯದು. ಆದರೂ ಹಿಂದಿನ ಮೂರು ಕೊಂಡಿಗೆ ಸಿಕ್ಕಿಸಿದರೆ ಕೂಡುತ್ತದೆ, ಏಕೆಂದರೆ ಕೊಂಡಿಯ ಅಳತೆಯನ್ನು ಎಲ್ಲರೂ ಒಪ್ಪಿಕೊಂಡಿದ್ದಾರೆ. ಕಂಪ್ಯೂಟರಿನಲ್ಲೂ ಹೀಗೇ ಆಯಿತು. ಅಮೆರಿಕದ ಐ.ಬಿ.ಎಂ. ಕಂಪನಿ 1981ರ ಆಗಸ್ಟ್ 12ರಂದು ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ, ಪೇಟೆಯಲ್ಲಿ ಸಿಗುವ ಬಿಡಿಭಾಗಗಳನ್ನೇ ಹೆಚ್ಚಾಗಿ ಬಳಸಿತ್ತು, ಅದರ ಒಳರಚನೆಯ ವಿವರವನ್ನೂ ಪ್ರಕಟಿಸಿತ್ತು. ಬೇರೆ ಕಂಪನಿಗಳು ಅದೇ ಮಾದರಿಯ ಯಂತ್ರ ಮಾಡತೊಡಗಿದವು. 1995ರಲ್ಲಿ ಇಂಟೆಲ್ ಕಂಪನಿ ಎ.ಟಿ.ಎಕ್ಸ್. ಎಂಬ ಅಳತೆಯನ್ನು ತಂದಿತು. ಬೋರ್ಡಿನ ತಿರುಪು ಎಲ್ಲಿ ಕೂರಬೇಕು, ವಿದ್ಯುತ್ತಿನ ಪ್ಲಗ್ ಎಂಥದಿರಬೇಕು ಎಂಬುದು ಅದರಿಂದ ನಿಗದಿಯಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಬೋರ್ಡು ಹುಬ್ಬಳ್ಳಿಯಲ್ಲಿ ಕೊಂಡ ಕ್ಯಾಬಿನೆಟ್ಟಿನಲ್ಲಿ ಇವತ್ತು ಸರಿಯಾಗಿ ಕೂರುವುದು ಈ ಒಪ್ಪಂದದ ಫಲ.

ಡಬ್ಬಿಯೊಳಗೆ ಮುಖ್ಯವಾಗಿ ಇರುವುದು ಐದು ಸಾಮಾನು. ಲೆಕ್ಕ ಮಾಡುವ ಪ್ರೊಸೆಸರ್, ಎಲ್ಲವನ್ನೂ ಹೊತ್ತುಕೊಳ್ಳುವ ಮದರ್‌ಬೋರ್ಡ್, ಕೆಲಸ ನಡೆಯುವಾಗ ಮಾಹಿತಿ ಹಿಡಿದಿಡುವ ರ‍್ಯಾಮ್, ಕಾಯಂ ಆಗಿ ಕೂಡಿಡುವ ಎಸ್.ಎಸ್.ಡಿ., ಮನೆಯ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಕೊಡುವ ಎಸ್.ಎಂ.ಪಿ.ಎಸ್. ಇವನ್ನು ಜೋಡಿಸಲು ಒಂದು ಸ್ಕ್ರೂಡ್ರೈವರ್, ಒಂದು ಮಧ್ಯಾಹ್ನ, ಸ್ವಲ್ಪ ತಾಳ್ಮೆ ಸಾಕು. ಕೊಳ್ಳುವಾಗ ಮೂರು ಎಚ್ಚರ ಇರಲಿ. ಪ್ರೊಸೆಸರಿಗೂ ಬೋರ್ಡಿಗೂ ಸಾಕೆಟ್ ಒಂದೇ ಆಗಿರಬೇಕು. ಡಿ.ಡಿ.ಆರ್.4 ರ‍್ಯಾಮ್ ಡಿ.ಡಿ.ಆರ್.5ರ ಸ್ಲಾಟಿನಲ್ಲಿ ಕೂರುವುದಿಲ್ಲ; ಒತ್ತಿ ಕೂರಿಸಹೋದರೆ ಬೋರ್ಡೇ ಹಾಳು. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ 'ಎಫ್' ಅಕ್ಷರವಿದ್ದರೆ ಅದರೊಳಗೆ ಚಿತ್ರ ತೋರಿಸುವ ಭಾಗ ಇಲ್ಲ. ಅಗ್ಗವೆಂದು ಅದನ್ನು ತಂದರೆ ಗ್ರಾಫಿಕ್ಸ್ ಕಾರ್ಡನ್ನು ಬೇರೆ ಕೊಳ್ಳುವತನಕ ಪರದೆಯ ಮೇಲೆ ಏನೂ ಮೂಡದು.

ಇನ್ನು ಕಂಪನಿಯ ಕಂಪ್ಯೂಟರು. ಇದರ ಒಳ್ಳೆಯ ಗುಣ ಏನೆಂದರೆ ಇಡೀ ಯಂತ್ರಕ್ಕೆ ಒಂದೇ ಬಿಲ್ಲು, ಒಂದೇ ವಾರಂಟಿ, ಕೇಳುವುದಕ್ಕೆ ಒಂದೇ ಬಾಗಿಲು. ವಿಂಡೋಸ್ ಸಹ ಸಾಮಾನ್ಯವಾಗಿ ಪರವಾನಗಿ ಸಮೇತ ಬರುತ್ತದೆ. ಜೋಡಿಸಿದ ಯಂತ್ರಕ್ಕೆ ಅದರ ಹಣ ಬೇರೆ, ಇಲ್ಲವೇ ಉಚಿತವಾಗಿ ಸಿಗುವ ಉಬುಂಟು ಹಾಕಿಕೊಳ್ಳಬೇಕು. ವಿಂಡೋಸಿನಲ್ಲಿ ನಡೆಯುವ, ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲೇ ಕಚೇರಿ ಕಾಗದ ಮಾಡುವವರು ವಿಂಡೋಸಿನ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಲಿ. ಕಂಪನಿಯವರು 'ಮನೆಗೇ ಬಂದು ರಿಪೇರಿ' ಎಂದರೆ ನಿಮ್ಮ ಊರಿನ ಪಿನ್ ಕೋಡ್ ಹೇಳಿ, ಅಲ್ಲಿಗೂ ಬರುತ್ತೀರಾ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಪೇಟೆಯವರಿಗೆ ಕೊಟ್ಟ ಮಾತು ಹಳ್ಳಿಗೂ ನಡೆಯುತ್ತದೆ ಎಂದು ಹಾಗೆಯೇ ನಂಬಬಾರದು.

ಕಂಪನಿಯ ಸಣ್ಣ ಡಬ್ಬಿಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳಲ್ಲಿ ಹಲವಕ್ಕೆ ಎಸ್.ಎಂ.ಪಿ.ಎಸ್. ಮತ್ತು ಬೋರ್ಡು ಆ ಕಂಪನಿಯದೇ ಆಕಾರದವು. ವಾರಂಟಿ ಮುಗಿದ ಮೇಲೆ ಒಂದು ಸುಟ್ಟರೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಭಾಗ ಅದಕ್ಕೆ ಕೂಡುವುದಿಲ್ಲ. ಕಚೇರಿಗಳು ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವವರೂ ಇದನ್ನು ನೋಡಿಕೊಳ್ಳಬೇಕು. ಜೊತೆಗೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯ ಬಹುತೇಕ ಎಲ್ಲ ಪ್ರೊಸೆಸರುಗಳೂ ವಿಂಡೋಸ್ 11ರ ಅಧಿಕೃತ ಪಟ್ಟಿಯ ಹೊರಗಿವೆ.

ಜೋಡಿಸಿದ ಯಂತ್ರ ಹೇಳಿ ಮಾಡಿಸಿದ ಕಲಘಟಗಿ ತೊಟ್ಟಿಲಿನ ಹಾಗೆ. ಬೇಕಾದದ್ದನ್ನು ಬೇಕಾದಷ್ಟೇ ಹಾಕಿಸಬಹುದು. ಓದು ಬರಹ, ಲೆಕ್ಕದ ಹಾಳೆ, ಪ್ರೋಗ್ರಾಮಿಂಗ್ ಕಲಿಕೆಗೆ ಇವತ್ತು 8 ಜಿ.ಬಿ. ರ‍್ಯಾಮ್ ಹಾಕಿಸಿ, ಇನ್ನೊಂದು ಸ್ಲಾಟನ್ನು ಖಾಲಿ ಬಿಡಿಸಿ, ಸುಗ್ಗಿಯ ದುಡ್ಡು ಬಂದಾಗ ಇನ್ನೊಂದು 8 ಸೇರಿಸಬಹುದು. ಇಲ್ಲಿ ವಾರಂಟಿ ಪ್ರತಿ ಭಾಗಕ್ಕೂ ಬೇರೆ. ಕಂಪನಿಯ ಪೆಟ್ಟಿಗೆ ಸಮೇತ ಕೊಂಡ ಪ್ರೊಸೆಸರಿಗೆ ಇಂಟೆಲ್, ಎ.ಎಂ.ಡಿ. ಕಂಪನಿಗಳು ಸಾಮಾನ್ಯವಾಗಿ 3 ವರ್ಷ ಕೊಡುತ್ತವೆ. ಹೀಗಾಗಿ ಜಿ.ಎಸ್.ಟಿ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ, ಬಿಲ್ಲನ್ನು ಹೊಲದ ಉತಾರದಷ್ಟೇ ಜೋಪಾನ ಮಾಡಿ. ಬೆಲೆ ಯಾವಾಗಲೂ ಇದರಲ್ಲೇ ಕಡಿಮೆ ಎಂದು ಮಾತ್ರ ತಿಳಿಯಬೇಡಿ. ರ‍್ಯಾಮ್ ತುಟ್ಟಿಯಾದ ಕಾಲದಲ್ಲಿ ಸಿದ್ಧ ಯಂತ್ರವೇ ಅಗ್ಗಕ್ಕೆ ಸಿಗುವುದುಂಟು. ಅದೇ ವಾರ ಎರಡರದೂ ಕೊಟೇಶನ್ ತೆಗೆದುಕೊಳ್ಳಿ.

ಯಾವುದನ್ನೇ ತಂದರೂ ನಮ್ಮ ಊರುಗಳ ಕರೆಂಟಿಗೆ ಅದು ತಾಳಬೇಕು. ಜೋಡಿಸುವವರು ಹಣ ಉಳಿಸಲು ಕೈಯಿಡುವುದು ಹೆಚ್ಚಾಗಿ ಎಸ್.ಎಂ.ಪಿ.ಎಸ್. ಮೇಲೆ. ದಯವಿಟ್ಟು ಅಲ್ಲಿ ಉಳಿಸಬೇಡಿ. ಹಲಕಾ ಎಸ್.ಎಂ.ಪಿ.ಎಸ್. ಸುಡುವಾಗ ಬೋರ್ಡನ್ನೂ ಕರೆದುಕೊಂಡು ಹೋಗಬಹುದು. 600 ವಿ.ಎ. ಯು.ಪಿ.ಎಸ್. ಇದ್ದರೆ ಕರೆಂಟ್ ಹೋದಾಗ ಸಾಮಾನ್ಯ ಯಂತ್ರಕ್ಕೆ 10–15 ನಿಮಿಷ ಸಿಗುತ್ತದೆ. ಬರೆದದ್ದನ್ನು ಉಳಿಸಿ ಬಂದ್ ಮಾಡಲು ಅಷ್ಟು ಸಾಕು. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಎಂದರೆ ಮನೆಯ ಅರ್ಥಿಂಗ್ ಸರಿಯಿಲ್ಲದಿರಬಹುದು. ವೈರಿಂಗ್ ಬಲ್ಲವರನ್ನು ಕರೆಸಿ ಸರಿಮಾಡಿಸಿದ ಮೇಲೆಯೇ ಯಂತ್ರ ಹಚ್ಚಿ. ಸಿಡಿಲಿನ ಮಳೆಯಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ, ಇಂಟರ್ನೆಟ್ಟಿನ ವೈರನ್ನೂ ಬಿಡಿಸಿ.

ಹಾಗಾದರೆ ಕಡೆಗೆ ಯಾವುದು? ಊರಿನಲ್ಲಿ ಆನ್‌ಲೈನ್ ಅರ್ಜಿ ಹಾಕುವ, ಪ್ರಿಂಟ್ ತೆಗೆಯುವ ಅಂಗಡಿ ಇಟ್ಟವರಿಗೆ ಒಂದು ದಿನ ಯಂತ್ರ ನಿಂತರೆ ಆ ದಿನದ ದುಡಿಮೆಯೇ ಹೋಯಿತು. ಮನೆಬಾಗಿಲಿನ ಸೇವೆ ನಿಮ್ಮ ಪಿನ್ ಕೋಡಿಗೆ ನಿಜವಾಗಿ ಇದ್ದರೆ ಅವರು ಕಂಪನಿಯದನ್ನೇ ಕೊಳ್ಳಲಿ. ಓದುವ ಮಕ್ಕಳಿರುವ ಮನೆಗೆ ನನ್ನ ಸಲಹೆ ಜೋಡಿಸಿದ ಯಂತ್ರ. ಆದರೆ ಅಂಗಡಿಯವರು ಜೋಡಿಸಿ ಮುಚ್ಚಿಕೊಟ್ಟದ್ದನ್ನು ಹೊತ್ತು ತರಬೇಡಿ. ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ದು, ಅವರ ಕೈಯಿಂದಲೇ ಒಂದೊಂದು ಭಾಗ ಕೂರಿಸಲು ಬಿಡಿ ಎಂದು ಅಂಗಡಿಯವರನ್ನು ಕೇಳಿಕೊಳ್ಳಿ.

ಇದರ ಬೆಲೆ ಕೆಟ್ಟು ನಿಂತ ದಿನ ತಿಳಿಯುತ್ತದೆ. ಫ್ಯಾನ್ ತಿರುಗುತ್ತಿದ್ದೂ ಪರದೆ ಕಪ್ಪಾಗಿದ್ದರೆ, ಜೋಡಿಸಿದ ಮಗು ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಅದರ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಒರೆಸಿ ಮತ್ತೆ ಕೂರಿಸುತ್ತದೆ. ಎಷ್ಟೋ ಸಲ ಅಷ್ಟಕ್ಕೇ ಯಂತ್ರ ಎದ್ದು ಕೂರುತ್ತದೆ. ಹಚ್ಚಿದಾಗಲೆಲ್ಲ ತಾರೀಕು ಹಿಂದಿನ ವರ್ಷಕ್ಕೆ ಜಿಗಿಯುತ್ತಿದ್ದರೆ, ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಬದಲಿಸುತ್ತದೆ. ಅದರಿಂದಲೂ ಆಗದಿದ್ದರೆ ಯಾವ ಭಾಗ ಕೈಕೊಟ್ಟಿದೆ ಎಂದು ಹುಡುಕಿ, ಅದೊಂದನ್ನೇ ಬಿಚ್ಚಿ, ಬಿಲ್ಲಿನ ಜೊತೆ ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುತ್ತದೆ. ಡಬ್ಬಿ ಮನೆಯಲ್ಲೇ ಇರುತ್ತದೆ.