ಪರದೆ ಕಪ್ಪಾದರೆ ಪ್ಲಗ್ಗು ಕೀಳಬೇಡಿ
(ಹಲಗೂರಿನಲ್ಲಿ ಹಾಲು ಉತ್ಪಾದಕರ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಹಿಂದೆ ಡೇರಿಯಲ್ಲಿ ಅಳತೆ ಪಾತ್ರೆ, ಲ್ಯಾಕ್ಟೋಮೀಟರು, ಒಂದು ದಪ್ಪ ರಿಜಿಸ್ಟರು ಇದ್ದರೆ ಕೆಲಸ ನಡೆಯುತ್ತಿತ್ತು. ಈಗ ಅನೇಕ ಸಂಘಗಳಲ್ಲಿ ತೂಕದ ಯಂತ್ರ ಹಾಗೂ ಹಾಲು ಪರೀಕ್ಷಾ ಯಂತ್ರಗಳನ್ನು ಕಂಪ್ಯೂಟರಿಗೆ ಜೋಡಿಸಲಾಗಿದೆ. ತೂಕ, ಫ್ಯಾಟು, ಎಸ್.ಎನ್.ಎಫ್. ನೇರವಾಗಿ ಅದಕ್ಕೆ ಹೋಗಿ, ದರ ಲೆಕ್ಕವಾಗಿ ಚೀಟಿ ಬರುತ್ತದೆ. ನಿಮ್ಮ ಬಟವಾಡೆಯೂ, ಸರ್ಕಾರದ ಪ್ರೋತ್ಸಾಹಧನವೂ ಈ ಲೆಕ್ಕದ ಮೇಲೆಯೇ ನಿಂತಿವೆ.

ಬೆಳಿಗ್ಗೆ ಸಾಲು ನಿಂತಿರುವಾಗ ಪರದೆ ಇದ್ದಕ್ಕಿದ್ದಂತೆ ಕಪ್ಪಾಗುತ್ತದೆ. ಕೆಟ್ಟೇಹೋಯಿತೆಂದು ಯಾರೋ ಪ್ಲಗ್ಗು ಕೀಳುತ್ತಾರೆ. ಆಗ ಉಳಿಸದೆ ಇದ್ದ ಲೆಕ್ಕ ಅಳಿಸಿಹೋಗಬಹುದು. ಬಹಳ ಸಲ ಕಂಪ್ಯೂಟರು ಕೆಟ್ಟಿರುವುದಿಲ್ಲ, ಮಲಗಿರುತ್ತದೆ, ಅಷ್ಟೆ.

ಅದು ಮಲಗುವುದು ವಿದ್ಯುತ್ ಉಳಿಸಲು. 1992ರಲ್ಲಿ ಅಮೆರಿಕದಲ್ಲಿ 'ಎನರ್ಜಿ ಸ್ಟಾರ್' ಯೋಜನೆ ಆರಂಭವಾದ ಮೇಲೆ ಈ ಏರ್ಪಾಡು ಎಲ್ಲೆಡೆ ಬಳಕೆಗೆ ಬಂತು. ಒಳ್ಳೆಯದೇ. ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಕರೆಂಟಿನ ಬೆಲೆಯನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಒಂದು ಮಾತು ತಿಳಿದಿರಲಿ. ತೂಕದ ಯಂತ್ರದಿಂದ ಅಂಕಿ ಬರುತ್ತಿದ್ದರೂ, ಕೀಲಿಮಣೆಯನ್ನಾಗಲಿ ಮೌಸನ್ನಾಗಲಿ ಮುಟ್ಟದಿದ್ದರೆ ಯಾರೂ ಕೆಲಸ ಮಾಡುತ್ತಿಲ್ಲವೆಂದೇ ಕಂಪ್ಯೂಟರು ಸಾಮಾನ್ಯವಾಗಿ ಎಣಿಸುತ್ತದೆ.

ಈ ನಿದ್ದೆಯಲ್ಲಿ ಎರಡು ಬಗೆ. ಪರದೆ ಮಾತ್ರ ಆರಿದರೆ ಒಳಗೆ ಲೆಕ್ಕ ನಡೆಯುತ್ತಲೇ ಇರುತ್ತದೆ. ಇಡೀ ಕಂಪ್ಯೂಟರು ಮಲಗಿದರೆ ತೂಕದ ಯಂತ್ರದ ಅಂಕಿ ಅದಕ್ಕೆ ಮುಟ್ಟುವುದಿಲ್ಲ. ನಮಗೆ ತೊಂದರೆ ಈ ಎರಡನೆಯದರಿಂದ.

ಪರದೆ ಕಪ್ಪಾದಾಗ ಹೀಗೆ ಮಾಡಿ:

1. ಮೌಸನ್ನು ಅಲುಗಾಡಿಸಿ, ಒಂದು ಕೀಲಿ ಒತ್ತಿ, ಸ್ವಲ್ಪ ಹೊತ್ತು ಕಾಯಿರಿ.

2. ಏಳದಿದ್ದರೆ ಮಾನಿಟರಿನ ಸಣ್ಣ ದೀಪ ನೋಡಿ. ಕಿತ್ತಳೆ ಬಣ್ಣವಿದ್ದರೆ ಅಥವಾ ಮಿನುಗುತ್ತಿದ್ದರೆ ಸಾಮಾನ್ಯವಾಗಿ ಅದು ಮಲಗಿದೆ ಎಂದರ್ಥ. ಆಗ ಮಾನಿಟರಿನ ಗುಂಡಿ ಒತ್ತಬೇಡಿ. ಒತ್ತಿದರೆ ಅದು ಪೂರ್ತಿ ಆರಿ, ಆಮೇಲೆ ಮೌಸು ಅಲುಗಾಡಿಸಿದರೂ ಏಳುವುದಿಲ್ಲ. ದೀಪವೇ ಇಲ್ಲದಿದ್ದರೆ ಮಾತ್ರ ಗುಂಡಿ, ಸ್ವಿಚ್ಚು, ಯು.ಪಿ.ಎಸ್. ನೋಡಿ.

3. 'ನೋ ಸಿಗ್ನಲ್' ಎಂದು ಬಂದರೆ ಮಾನಿಟರಿನಿಂದ ಸಿ.ಪಿ.ಯು.ಗೆ ಹೋಗುವ ಕೇಬಲ್ ಸಡಿಲವಾಗಿದೆಯೇ ನೋಡಿ.

4. ಸಿ.ಪಿ.ಯು. ಮಲಗಿದ್ದರೆ ಅದರ ಗುಂಡಿಯನ್ನು ಒಮ್ಮೆ ಒತ್ತಿ ಬಿಡಿ. ಒತ್ತಿ ಹಿಡಿಯಬೇಡಿ. ಹಿಡಿದರೆ ಪ್ಲಗ್ಗು ಕಿತ್ತಂತೆಯೇ.

ಮತ್ತೆ ಹೀಗಾಗದಂತೆ ಹಾಲು ತೆಗೆದುಕೊಳ್ಳದ ಹೊತ್ತಿನಲ್ಲಿ 'ಸೆಟ್ಟಿಂಗ್ಸ್', ಅದರಲ್ಲಿ 'ಸಿಸ್ಟಂ', ಅದರಲ್ಲಿ 'ಪವರ್ ಅಂಡ್ ಸ್ಲೀಪ್' ತೆರೆಯಿರಿ. ಕೆಲವು ಕಂಪ್ಯೂಟರುಗಳಲ್ಲಿ ಬರೀ 'ಪವರ್' ಎಂದಿರುತ್ತದೆ. ಅಲ್ಲಿ 'ಸ್ಕ್ರೀನ್' ಎಂಬುದಕ್ಕೆ 15 ನಿಮಿಷ ಇಡಿ, ಕರೆಂಟು ಉಳಿಯಲಿ. 'ಸ್ಲೀಪ್' ಎಂಬುದಕ್ಕೆ 'ನೆವರ್' ಇಡಿ, ಲೆಕ್ಕ ಉಳಿಯಲಿ. ಹಾಲು ತೆಗೆದುಕೊಂಡು ಮುಗಿದ ಮೇಲೆ ಕ್ರಮವಾಗಿ 'ಶಟ್ ಡೌನ್' ಮಾಡಿ.

ಕಾರ್ಯದರ್ಶಿಗಳಲ್ಲಿ ಇನ್ನೊಂದು ವಿನಂತಿ. ಕಂಪ್ಯೂಟರು ಬಂತೆಂದು ಕೈಬರಹದ ಪುಸ್ತಕವನ್ನು ಅಟ್ಟಕ್ಕೆ ಹಾಕಬೇಡಿ. ಯಂತ್ರ ನಿಂತರೆ ಸದಸ್ಯರ ಎದುರಿಗೇ ತೂಕ ಬರೆದುಕೊಂಡು, ಮಾದರಿ ಹಾಲನ್ನು ಸಂಖ್ಯೆ ಹಾಕಿ ತೆಗೆದಿಡಿ. ಕಂಪ್ಯೂಟರು ಎದ್ದ ಮೇಲೆ ಕಡೆಯದಾಗಿ ದಾಖಲಾದ ಸದಸ್ಯರ ಸಂಖ್ಯೆ ನೋಡಿಯೇ ಮುಂದುವರಿಯಿರಿ. ಇಲ್ಲವಾದರೆ ಒಬ್ಬರದು ಎರಡು ಸಲ ಏರುತ್ತದೆ, ಇನ್ನೊಬ್ಬರದು ಬಿಟ್ಟುಹೋಗುತ್ತದೆ.

ಸದಸ್ಯರೂ ಎರಡು ನಿಮಿಷ ತಾಳ್ಮೆಯಿಂದಿರಿ. ಚೀಟಿ ಇಲ್ಲದೆ ಮಾತ್ರ ಮನೆಗೆ ಹೋಗಬೇಡಿ. ಒಂದು ಹಸು ಕಟ್ಟಿಕೊಂಡು ಸಂಸಾರ ತೂಗಿಸುವ ತಾಯಿಗೆ ಒಂದು ಹೊತ್ತಿನ ಹಾಲಿನ ಲೆಕ್ಕ ತಪ್ಪಿದರೂ ಅದು ಸಣ್ಣ ಮಾತಲ್ಲ. ಅವರ ಹಾಲು ಲೆಕ್ಕಕ್ಕೆ ಬರುವಂತೆ ನೋಡಿಕೊಳ್ಳುವುದೇ ಸಂಘದ ಮೊದಲ ಕೆಲಸ.